ಮುಳ್ಳು ತೆಗೆದ ಹೂವು

ಆ ದಿನ ಬೆಳಿಗ್ಗೆ ರೆಂಜಿಯ ಮೇಜಿನ ಮೇಲಿದ್ದ ಹೂವಿಗೆ ಮುಳ್ಳಿರಲಿಲ್ಲ. ಇಪ್ಪತ್ತೆರಡು ಜನರ ತರಗತಿಯಲ್ಲಿ ಅದು ಕಣ್ಣಿಗೆ ಬಿದ್ದದ್ದು ಕನಾಮೆ ಒಬ್ಬಳಿಗೆ.

ಹೂವು ಅಲ್ಲಿರುವುದೇನೂ ಹೊಸದಲ್ಲ. ಜೂನ್ ತಿಂಗಳಿಂದ ದಿನಾ ಇರುತ್ತಿತ್ತು. ವ್ಯಾಯಾಮಶಾಲೆಯ ಹಿಂದೆ ತಾನಾಗಿ ಬೆಳೆಯುವ ಅಜಾಮಿ, ಮೈಯೆಲ್ಲ ಮುಳ್ಳಿರುವ ನೇರಳೆ ಹೂವು, ಒಂದು ಹಾಲಿನ ಬಾಟಲಿಯಲ್ಲಿ. ವಿದ್ಯಾರ್ಥಿ ಯಾರಾದರೂ ಸತ್ತರೆ ಅವರ ಮೇಜಿನ ಮೇಲೆ ಹೂವಿಡುವುದು ಪದ್ಧತಿ. ಬದುಕಿರುವವನ ಮೇಜಿನ ಮೇಲಿಟ್ಟರೆ ಅರ್ಥ ಇಷ್ಟೇ: ನಮ್ಮ ಪಾಲಿಗೆ ನೀನು ಸತ್ತೆ. ರೆಂಜಿ ಬಂದವನು ಬಾಟಲಿಯನ್ನು ಕಿಟಕಿಯ ಹತ್ತಿರ ಇಟ್ಟು, ಚುಚ್ಚಿಸಿಕೊಂಡ ಬೆರಳನ್ನು ಚೀಪುತ್ತ ಕೂರುತ್ತಿದ್ದ. ಅದನ್ನು ನೋಡಿ ಹಲ್ಲು ಕಿಸಿಯಬೇಕೆಂದೇ ಅಜಾಮಿಯನ್ನು ಆರಿಸಿದ್ದು.

ಈ ಘನಕಾರ್ಯಕ್ಕೆ ಪಾಳಿಯೂ ಇತ್ತು. ದಿನದ ಪಾಳಿಯವರು ಕರಿಹಲಗೆ ಒರೆಸಬೇಕು, ತರಗತಿಯ ದಿನಚರಿ ಬರೆಯಬೇಕು, ಮೇಷ್ಟ್ರು ಒಳಗೆ ಬಂದಾಗ 'ಏಳಿ, ನಮಸ್ಕರಿಸಿ, ಕೂರಿ' ಎಂದು ಕೂಗಬೇಕು. ಇದರ ಜೊತೆಗೆ ಯಾವ ಪುಸ್ತಕದಲ್ಲೂ ಇಲ್ಲದ ಇನ್ನೊಂದು ಕೆಲಸ, ಅಜಾಮಿ ಇಡುವುದು. ಅದರ ಪಟ್ಟಿ ತರಗತಿಯ ಫೋನ್ ಗ್ರೂಪಿಗೆ ಯಾವುದೋ ಸುಳ್ಳು ಹೆಸರಿನಲ್ಲಿ ಬಂದಿತ್ತು. ಕನಾಮೆಯೂ ಎರಡು ಸಲ ಇಟ್ಟಿದ್ದಳು. ಇಡದಿದ್ದರೆ ಮರುದಿನ ತನ್ನ ಮೇಜಿನ ಮೇಲೇ ಬಂದು ಕೂರುತ್ತದೆಂಬ ಹೆದರಿಕೆಗೆ ಇಟ್ಟಿದ್ದಳು. ಅದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಎಂಟೂ ನಲವತ್ತಕ್ಕೆ ತೊಗಾಶಿ ಮೇಷ್ಟ್ರು ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಬಂದರಿನ ಅಲೆತಡೆ ಗೋಡೆ ಕೆಳಗೆ ರೆಂಜಿ ಸಿಕ್ಕಿದ್ದಾನೆ," ಎಂದರು. "ಅರ್ಧ ಗಂಟೆ ಹಿಂದೆ ಮೀನುಗಾರರೊಬ್ಬರು ನೋಡಿದ್ರಂತೆ. ಜೀವ ಇಲ್ಲ."

ಎಲ್ಲರ ಕಣ್ಣೂ ಆ ಬಾಟಲಿಯತ್ತ ತಿರುಗಿತು. ಆಮೇಲೆ ಕರಿಹಲಗೆಯ ಮೂಲೆಯಲ್ಲಿ ಬರೆದಿದ್ದ ಆ ದಿನದ ಪಾಳಿಯವನ ಹೆಸರಿನತ್ತ. ಕುಗಾ.

"ನಾನಿಟ್ಟಿಲ್ಲ ಕಣ್ರೋ!" ಕುಗಾ ಎದ್ದು ಕೂಗಿದ. "ನಾನು ಬಂದಿದ್ದೇ ಈಗ! ಯಾರಾದ್ರೂ ಹೇಳ್ರೋ!"

ಪಕ್ಕದವರು ಕುರ್ಚಿ ದೂರ ಎಳೆದುಕೊಂಡರು. ಕುಗಾ ಮೈಯಲ್ಲಿ ಶಕ್ತಿ, ಬಾಯಲ್ಲಿ ಹೊಲಸು ತುಂಬಿಕೊಂಡ ಹುಡುಗ. ರೆಂಜಿಯ ಬೆನ್ನಿಗೆ ಒದ್ದದ್ದನ್ನು ಎಲ್ಲರೂ ನೋಡಿದ್ದರು. ಹಿಂದಿನ ಸಂಜೆ ಕುಗಾ ಅಲೆತಡೆಯ ಮೇಲೆ ಗಾಳ ಹಾಕಿ ಕೂತಿದ್ದನ್ನು ನೋಡಿದವರೂ ಸಿಕ್ಕರು. ಮಧ್ಯಾಹ್ನದೊಳಗೆ ಪೊಲೀಸರು ಅವನನ್ನು ಕರೆದುಕೊಂಡು ಹೋದರು.

"ನಿಮ್ಮದು ಹೂವಿನ ಅಂಗಡಿ ಅಲ್ವಾ, ಇದನ್ನ ಎಲ್ಲಾದ್ರೂ ವಿಲೇವಾರಿ ಮಾಡಮ್ಮ," ಎಂದರು ಮೇಷ್ಟ್ರು ಕನಾಮೆಗೆ, ಆ ಬಾಟಲಿಯತ್ತ ನೋಡದೆ. ಕನಾಮೆ ಅದನ್ನು ಮನೆಗೆ ತಂದು ಅಜ್ಜಿಯ ಮುಂದಿಟ್ಟಳು.

ದೇವಸ್ಥಾನದ ಪಕ್ಕದಲ್ಲಿ ಅಜ್ಜಿಯ ಅಂಗಡಿ. ಸಮಾಧಿಗೆ ಇಡುವ ಹೂವೇ ಅಲ್ಲಿನ ವ್ಯಾಪಾರ. ಅದಕ್ಕೇ ತರಗತಿಯಲ್ಲಿ ಕನಾಮೆಗೆ 'ಹೆಣದ ಹೂವು' ಎಂಬ ಬಿರುದು. ಅಜ್ಜಿ ಕನ್ನಡಕ ಏರಿಸಿ ದಂಟನ್ನು ತಿರುಗಿಸಿ ನೋಡಿದಳು.

"ಎಲೆ ಅಂಚು, ಹೂವಿನ ಬುಡ, ಒಂದೊಂದು ಮುಳ್ಳೂ ಕತ್ತರೀಲಿ ತೆಗೆದಿದ್ದಾರೆ. ಅಚ್ಚುಕಟ್ಟು ಕೈ. ಯಾರ ಮನೇಲೇ ತೀರಿಕೊಂಡಿದ್ದು?"

"ತೀರಿಕೊಂಡ ವಿಷಯ ಊರಿಗೆ ಗೊತ್ತಾಗೋಕೆ ಮುಂಚೇನೇ ಇದನ್ನ ಇಟ್ಟಿದ್ರು ಅಜ್ಜಿ."

"ಇಟ್ಟವರಿಗೆ ಗೊತ್ತಿತ್ತು ಬಿಡು. ಬದುಕಿರೋರಿಗೆ ಯಾರೇ ಮುಳ್ಳು ಕೀಳ್ತಾರೆ? ಸತ್ತವರಿಗೆ ಇನ್ನೂ ಚುಚ್ಚಬಾರದು ಅಂತ ತಾನೇ ನಾವು ತೆಗೆಯೋದು."

ಕನಾಮೆ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಕುಗಾ ಅಂತೂ ಅಲ್ಲ. ಅವನಿಗೆ ಹೂವಿಗೂ ಹೂಕೋಸಿಗೂ ವ್ಯತ್ಯಾಸ ತಿಳಿಯದು. ಇಂಥ ಕಾಡುಹೂವಿನ ಮುಳ್ಳು ಬಿಡಿಸುವುದು ಅವಳಿಗೆ ಗೊತ್ತಿದ್ದಂತೆ ಮೂವರಿಗೆ ಬರುತ್ತಿತ್ತು: ಅಜ್ಜಿಗೆ, ಅವಳಿಗೆ, ಮತ್ತೆ ಸಯೋಗೆ.

ಸಯೋ ತರಗತಿಯ ನಾಯಕಿ. ಅವಳು ಮುಟ್ಟಿದ ಕೆಲಸದಲ್ಲಿ ಒಂದು ಕಾಗದವೂ ಓರೆಯಾಗಿರುವುದಿಲ್ಲ. ಕನಾಮೆಯನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ. ಆಗಸ್ಟ್‌ನಲ್ಲಿ, ತೀರಿಹೋದ ಹಿರಿಯರು ಮನೆಗೆ ಬರುತ್ತಾರೆಂದು ನಂಬುವ ಓಬೊನ್ ವಾರದಲ್ಲಿ, ಅಂಗಡಿಯ ನೂಕುನುಗ್ಗಲಿಗೆ ನೆರವಾಗಲು ತಾನಾಗಿ ಬಂದಿದ್ದಳು. ಒಬ್ಬ ಮುದುಕಿ, ಗಂಡನಿಗೆ ಇಷ್ಟ ಎಂದು ಒಂದು ಹೊರೆ ಅಜಾಮಿ ತಂದು ಮುಳ್ಳು ತೆಗೆದುಕೊಡಿ ಎಂದಿದ್ದಳು. ಹುಡುಗಿಯರಿಬ್ಬರೂ ಇಡೀ ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಿಡಿಸಿದರು. ಸಯೋ ಕೈಗವಸು ಒಲ್ಲೆ ಎಂದು ಬೆರಳೆಲ್ಲ ಚುಚ್ಚಿಸಿಕೊಂಡು, ಎರಡೂ ಕೈ ಚಾಚಿ "ತೆಗೀ ಮಾರಾಯ್ತಿ" ಎಂದಾಗ ಕನಾಮೆ ಸೂಜಿ ಹಿಡಿದು ಒಂದೊಂದಾಗಿ ತೆಗೆದಿದ್ದಳು. ಹದಿನೇಳು ವರ್ಷದ ಬಾಳಿನಲ್ಲಿ ಕನಾಮೆ ಅಷ್ಟು ನಕ್ಕ ದಿನ ಬೇರೆ ಇರಲಿಲ್ಲ.

ಮರುದಿನ ಪೊಲೀಸರು ಬಿಟ್ಟು ಕಳಿಸಿದ ಕುಗಾ ಶಾಲೆಗೆ ಬಂದ. ಅವನ ಮೇಜಿನ ಮೇಲೆ ಅಜಾಮಿ ಕಾದಿತ್ತು, ಮುಳ್ಳಿನ ಸಮೇತ. ಬಿದ್ದವನಿಗೆ ಆಳಿಗೊಂದು ಕಲ್ಲು. ನಿನ್ನೆಯವರೆಗೆ ಅವನ ಬಾಲ ಹಿಡಿದಿದ್ದವರೇ ಇಂದು ಹಲ್ಲು ಕಿಸಿದರು. ಕುಗಾ ಬಾಟಲಿಯನ್ನು ಕಿಟಕಿಯ ಹತ್ತಿರ ಇಟ್ಟು, ಬೆರಳು ಚೀಪುತ್ತ ಕೂತ.

ಸಂಜೆ ತರಗತಿ ಗುಡಿಸಿ ಒರೆಸುವ ಹೊತ್ತಿನಲ್ಲಿ ಮೂಲೆಯಲ್ಲಿ ಇಬ್ಬರೇ ಉಳಿದರು. ಸಯೋ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತ ಮುಖ ಹಿಂಡಿದಳು.

"ಉರೀತಿದ್ಯಾ?" ಎಂದಳು ಕನಾಮೆ.

"ಏನು?"

"ಬೆರಳು. ಅಜ್ಜಿ ಅವತ್ತೇ ಕೈಗವಸು ಹಾಕ್ಕೋ ಅಂದಿದ್ಳು."

ಸಯೋ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಕೆಟ್ಟಿನ ಅಂಚಿಗೆ ಹಾಕಿದಳು. ಮನೆಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು.

"ಹೂವಿಡೋ ಪಾಳಿ ಪಟ್ಟಿ ಮಾಡಿ ಬೇರೆ ಹೆಸರಲ್ಲಿ ಗ್ರೂಪಿಗೆ ಹಾಕಿದ್ದು ನಾನು. ಅದು ರೆಂಜಿಗೆ ಗೊತ್ತಾಯ್ತು. ಸರ್‌ಗೆ ಹೇಳ್ತೀನಿ ಅಂದ. ಈ ವಾರ ಸರ್ ನನ್ನ ಕಾಲೇಜಿನ ಶಿಫಾರಸಿಗೆ ಸಹಿ ಹಾಕ್ಬೇಕಿತ್ತು ಕಣೇ. ಮೊನ್ನೆ ಸಂಜೆ ಕುಗಾ ಗಾಳ ಸುತ್ತಿಕೊಂಡು ಹೋದ್ಮೇಲೆ ಅಲೆತಡೆ ಮೇಲೆ ರೆಂಜಿ ಹತ್ರ ಬೇಡ್ಕೊಂಡೆ. ಅವನು ಬೈಲಿಲ್ಲ ಕೂಡ. 'ನೀನಾ? ನೀನೇನಾ?' ಅಂತ ಅದನ್ನೇ ಕೇಳ್ತಿದ್ದ. ತಳ್ಳಿಬಿಟ್ಟೆ."

"ಹೂವು ಯಾಕಿಟ್ಟೆ ಮತ್ತೆ?"

"ಕುಗಾ ತನ್ನ ಪಾಳಿ ಯಾವತ್ತು ನೆನಪಿಟ್ಕೊಂಡಿದ್ದಾನೆ? ದಿನಾ ಇರೋದು ಅವತ್ತೊಂದಿನ ಇಲ್ದಿದ್ರೆ, ಯಾಕಿಲ್ಲ ಅಂತ ಕೇಳಲ್ವಾ?"

"ಮುಳ್ಳು?"

ಅಲ್ಲಿ ಸಯೋಳ ದನಿ ಮೊದಲ ಸಲ ತಡವರಿಸಿತು. "ಅದು... ಕೈ ತಾನಾಗೇ ಕತ್ತರಿ ತಗೊಳ್ತು."

ಕನಾಮೆಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ಅವಳನ್ನು ತಬ್ಬಿಕೊಂಡು ಅಳಬೇಕೆನಿಸಿತು. ಎರಡನ್ನೂ ಮಾಡಲಿಲ್ಲ.

"ನೀನು ಹೇಳ್ತೀಯಾ?" ಸಯೋ ಕೇಳಿದಳು. "ಹೇಳು. ಮುಳ್ಳು ಬಿಡಿಸೋಕೆ ಯಾರಿಗೆ ಬರತ್ತೆ ಅಂತ ಮೊದ್ಲು ಕೇಳ್ತಾರೆ. ಹೂವಿನ ಅಂಗಡಿ ಯಾರದ್ದು? ಈ ಕ್ಲಾಸಲ್ಲಿ ನಿನ್ನ ಮಾತು ನಂಬೋರು ನನ್ನ ಬಿಟ್ರೆ ಯಾರಿದ್ದಾರೆ ಕನಾಮೆ? ಅದೂ ಯಾರಿಗೋಸ್ಕರ? ನಿನ್ನ ಶೂ ಒಳಗೆ ಮೀನಿನ ನೀರು ಹೊಯ್ದ ಆ ಕುಗಾನಿಗೋಸ್ಕರ?"

ಮಾತು ಸುಳ್ಳಲ್ಲ. ಬಾಯಿ ಮುಚ್ಚಿಕೊಂಡರೆ ಗೆಳತಿ ಉಳಿಯುತ್ತಾಳೆ. ತೆರೆದರೆ ಗೆಳತಿಯೂ ಹೋಗಿ ತಾನೂ ಸಿಕ್ಕಿಬೀಳಬಹುದು. ಕನಾಮೆ ಬಕೆಟ್ಟು ಎತ್ತಿಕೊಂಡಳು.

"ನಾಳೆ ಯಾರ ಪಾಳಿ ಸಯೋ?"

"ನಿಂದು."

"ಹೂಂ. ನಂದೇ."

ಬೆಳಿಗ್ಗೆ ಕನಾಮೆ ವ್ಯಾಯಾಮಶಾಲೆಯ ಹಿಂದಕ್ಕೆ ಹೋಗಲಿಲ್ಲ. ಕುಗಾನ ಮೇಜನ್ನು ಒರೆಸಿದಳು. ಮೇಷ್ಟ್ರು ಬಂದಾಗ ಎಲ್ಲರ ಮುಂದೆ ನಿಂತಿದ್ದಳು, ಕೈಯಲ್ಲಿ ಅಂಗಡಿಯಿಂದ ಮರಳಿ ತಂದ ರೆಂಜಿಯ ಮೇಜಿನ ಬಾಟಲಿ. ಹೂವು ಬಾಡಿತ್ತು, ದಂಟು ನೆಟ್ಟಗಿತ್ತು.

"ಏಳಿ," ಎಂದಳು. ಎಲ್ಲರೂ ಎದ್ದರು.

"ನಮಸ್ಕರಿಸಿ." ಬಾಗಿದರು.

ಮೂರನೆಯ ಮಾತು ಬರಲಿಲ್ಲ. ಆರನೇ ವಯಸ್ಸಿನಿಂದ ಕಲಿತ ಮಕ್ಕಳು ಅವರು. ಪಾಳಿಯವರು ಕೂರಿ ಎನ್ನದೆ ಕೂತು ಗೊತ್ತೇ ಇಲ್ಲ. ಒಂದಿಬ್ಬರ ಮೊಣಕಾಲು ಬಾಗಿ ಮತ್ತೆ ನೆಟ್ಟಗಾಯಿತು. ಹೆಣದ ಹೂವಿನ ಒಂದು ಮಾತಿಗೆ ಇಡೀ ತರಗತಿ ಕಾಯುತ್ತಿತ್ತು.

"ಜೂನ್ ಒಂಬತ್ತು, ಜುಲೈ ಒಂಬತ್ತು. ಆ ಎರಡು ದಿನ ರೆಂಜಿ ಮೇಜಿಗೆ ಹೂವಿಟ್ಟೋಳು ನಾನು," ಎಂದಳು ಕನಾಮೆ. "ಒಂದು ಸಲಾನೂ ಇಡದೇ ಇರೋರು ಯಾರಾದ್ರೂ ಇದ್ರೆ ಕೂತ್ಕೊಳ್ಳಿ."

ಯಾರೂ ಕೂರಲಿಲ್ಲ. ತೊಗಾಶಿ ಮೇಷ್ಟ್ರ ಕೈಯಿಂದ ಹಾಜರಿ ಪುಸ್ತಕ ಮೇಜಿಗೆ ಬಿತ್ತು.

"ಮೊನ್ನೆ ಇಟ್ಟ ಹೂವು ಇದು. ನೋಡಿ, ಇದರಲ್ಲಿ ಮುಳ್ಳಿಲ್ಲ. ರೆಂಜಿ ಸತ್ತಿದ್ದು ನಮಗೆ ಯಾರಿಗೂ ಗೊತ್ತಾಗೋಕೆ ಮುಂಚೆ, ಸತ್ತವನಿಗೆ ಚುಚ್ಚಬಾರದು ಅಂತ ಯಾರೋ ಇದನ್ನ ಬರಿಗೈಲಿ ಬಿಡಿಸಿದ್ದಾರೆ. ನನಗೆ ಬಿಡಿಸೋಕೆ ಬರತ್ತೆ. ಅದಕ್ಕೇ ನನ್ನ ಕೈ ಮೊದ್ಲು ನೋಡಿ." ಬಾಟಲಿ ಕೆಳಗಿಟ್ಟು ಎರಡೂ ಅಂಗೈ ತೋರಿಸಿದಳು. ಒಂದು ಗೀರೂ ಇರಲಿಲ್ಲ. "ಈಗ ಎಲ್ಲರೂ ಕೈ ಚಾಚಿ."

ಚಿಕ್ಕ ಶಾಲೆಯಲ್ಲಿ ಉಗುರು ತೋರಿಸುತ್ತಿದ್ದಂತೆ ಎಲ್ಲರೂ ಚಾಚಿದರು. ನಿನ್ನೆ ಒಂದು ದಿನ ಚುಚ್ಚಿಸಿಕೊಂಡ ಕುಗಾನ ಹೆಬ್ಬೆರಳಿನ ತುದಿಯಲ್ಲಿ ಒಂದು ಚುಕ್ಕೆ. ಮೇಷ್ಟ್ರು ಸಾಲು ಸಾಲಾಗಿ ನೋಡುತ್ತ ನಡೆದರು. ಕಿಟಕಿಯ ಸಾಲಿನ ಮೊದಲ ಮೇಜಿನ ಬಳಿ ಅವರ ಹೆಜ್ಜೆ ನಿಂತಿತು.

ನಾಳೆಯಿಂದ ಕನಾಮೆಯನ್ನು ಹೆಸರು ಹಿಡಿದು ಕರೆಯುವವರು ಈ ಕೋಣೆಯಲ್ಲಿ ಯಾರೂ ಇರುವುದಿಲ್ಲ.

"ಕೂರಿ," ಎಂದಳು.

ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಸಯೋ ಕೂರಲಿಲ್ಲ. ಎದುರಿಗೆ ನಿಂತಿದ್ದ ಮೇಷ್ಟ್ರನ್ನು ಅವಳು ನೋಡಲೂ ಇಲ್ಲ. ಹತ್ತು ಬೆರಳಿಗೂ ಕೆಂಪು ಚುಕ್ಕೆ ಎದ್ದಿದ್ದ ಆ ಎರಡು ಕೈಯನ್ನು, ಆಗಸ್ಟ್‌ನಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಚಾಚಿದ್ದ ಹಾಗೇ, ಕನಾಮೆಯ ಕಡೆಗೆ ಚಾಚಿಕೊಂಡು ನಿಂತಿದ್ದಳು.