ಟ್ಯಾನರ್ಸ್ ಕೋರ್ಟ್‌ನ ಲಿಫ್ಟಿಗೆ ಒಡೆಯರು ಯಾರು?

ಟ್ಯಾನರ್ಸ್ ಕೋರ್ಟ್ ಕಟ್ಟಡದ ಲಿಫ್ಟ್ ಕೆಟ್ಟು ನಿಂತು ಚಳಿಗಾಲವೇ ಕಳೆದುಹೋಗಿತ್ತು. ನಾಲ್ಕನೆಯ ಮಹಡಿಯ ಕ್ಲಿಫರ್ಡ್ ಆಗ್ಡನ್ನನ ಹೆಂಡತಿ ಬೆರಿಲ್ ಗಾಲಿಕುರ್ಚಿಯ ಮೇಲಿರುವವಳು. ಲಿಫ್ಟ್ ನಿಂತಂದಿನಿಂದ ಆಕೆ ಬೀದಿಗೆ ಇಳಿದಿರಲಿಲ್ಲ. ರಸ್ತೆಯ ಆಚೆಬದಿಯ ಮನೆಯಲ್ಲಿ ಅವಳ ಅಕ್ಕ ಮೇವಿಸ್ ಕಾಯಿಲೆ ಮಲಗಿದ್ದಳು. ಬೆಳಗಾದರೆ ಅಕ್ಕತಂಗಿಯರು ಕಿಟಕಿಯಿಂದ ಕಿಟಕಿಗೆ ಕೈಬೀಸುವುದು ರೂಢಿಯಾಗಿತ್ತು. ಈಚೆಗೆ ಮೇವಿಸಳ ಕೈ ಮೊದಲಿನಷ್ಟು ಮೇಲೇಳುತ್ತಿರಲಿಲ್ಲ.

ಜೀವಮಾನವೆಲ್ಲ ಥಾರ್ನ್‌ಬೆಕ್ ಪಟ್ಟಣದ ಬಸ್ಸು ನಡೆಸಿದ ಕ್ಲಿಫರ್ಡ್‌ಗೆ ತಾಳ್ಮೆ ಕಡಿಮೆಯೇನಿರಲಿಲ್ಲ. ಆದರೂ ಆ ದಿನ ಅವನು ಫೋನನ್ನು ಮೇಜಿನ ಮೇಲೆ ಕುಕ್ಕಿದ.

"ಲಿಫ್ಟ್ ಅಂದ್ರೆ, ಬಾಡಿಗೆ ವಸೂಲಿ ಮಾಡೋ ಕಂಪನಿಯವರು ಪುರಸಭೇನ ಕೇಳಿ ಅಂತಾರೆ. ಪುರಸಭೆಯವರು ಕಂಪನೀನ ಕೇಳಿ ಅಂತಾರೆ. ನಾನೇನು ಇವರಿಬ್ಬರ ಮಧ್ಯೆ ಒದೆಸಿಕೊಳ್ಳೋ ಚೆಂಡಾ?"

ಹಾಲಿನ ಬಾಟಲಿ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದ ಕೆಳಮಹಡಿಯ ಇವಾನ್ ಪ್ರೆಸ್ಕಾಡ್ ಎಂಬಾಕೆ ಬಾಗಿಲಿಗೆ ಒರಗಿ ಉಸಿರು ಸುಧಾರಿಸಿಕೊಂಡಳು. ಬಾಡಿಗೆದಾರರ ಸಂಘದಲ್ಲಿ ವರ್ಷಗಟ್ಟಲೆ ದುಡಿದವಳು ಆಕೆ.

"ಆ ಕಂಪನಿ ಯಾರದು ಅಂತ ಗೊತ್ತಾ ಕ್ಲಿಫ್?"

"ಯಾವನೋ ಲಂಡನ್ನಿನ ಸಾಹುಕಾರನದು ಇರ್ಬೇಕು."

"ಪುರಸಭೇದೇ ಕಣಪ್ಪ. ಮನೆ ಕಟ್ಟಿ ಬಾಡಿಗೆಗೆ ಕೊಡೋಕೆ ಅವರೇ ಹುಟ್ಟಿಸಿದ್ದು. ಷೇರೆಲ್ಲ ಅವರದೇ. ಆಡಳಿತ ಮಂಡಳೀಲಿ ಕೂತಿರೋರೂ ನಾವು ಓಟು ಹಾಕಿ ಕಳಿಸಿದೋರೇ."

ಕ್ಲಿಫರ್ಡ್ ಫೋನನ್ನು ಆಚೆ ತಳ್ಳಿದ. "ಅಂದ್ರೆ ಒಬ್ಬನೇ ಮನುಷ್ಯ ಎರಡು ಟೋಪಿ ಹಾಕ್ಕೊಂಡು ಇಷ್ಟು ದಿನ ನನ್ನ ಓಡಾಡಿಸಿದಾನೆ."

"ಅದಕ್ಕೇ ಪುರಸಭೆಯ ತಿಂಗಳ ಸಭೆಗೆ ಹೋಗಿ ಕೇಳು. ಪ್ರಶ್ನೆ ಮುಂಚೆಯೇ ಬರೆದು ಕೊಡಬೇಕು. ಅವರು ಉತ್ತರ ಓದ್ತಾರೆ. ಆಮೇಲೆ ನಿನಗೆ ಒಂದು ಮರುಪ್ರಶ್ನೆ ಕೇಳೋ ಹಕ್ಕಿದೆ. ಜೀವ ಇರೋದು ಆ ಮರುಪ್ರಶ್ನೇಲೇ."

"ಆ ಸಭೆಗೆ ಹೋಗೋ ಬದಲು ಈ ಗೋಡೆ ಹತ್ರ ಮಾತಾಡಿದ್ರೆ ವಾಸಿ," ಎಂದು ಕ್ಲಿಫರ್ಡ್ ಗೊಣಗಿದ.

"ಗೋಡೆ ಜೊತೆ ನಾನು ಚಳಿಗಾಲ ಪೂರ್ತಿ ಮಾತಾಡಿದೀನಿ," ಎಂದಳು ಬೆರಿಲ್. "ನೀನು ಹೋಗು."

ಅವನು ಹೋದ. ಮಧ್ಯಾಹ್ನದ ಸಭೆ. ಮೇಯರರು ಕೊರಳಿಗೆ ಅಧಿಕಾರದ ಸರ ಧರಿಸಿ ಪೀಠದಲ್ಲಿ ಕುಳಿತಿದ್ದರು. ಕ್ಲಿಫರ್ಡ್ ತನ್ನ ಪ್ರಶ್ನೆಯನ್ನು ಓದಿದ. ವಸತಿಯ ಹೊಣೆ ಹೊತ್ತ ಸದಸ್ಯ ಹ್ಯಾಲಮ್ ಎದ್ದು, ವಿಷಯವನ್ನು ಕಂಪನಿಯ ಗಮನಕ್ಕೆ ತರಲಾಗುವುದೆಂದು ನಯವಾಗಿ ಉತ್ತರಿಸಿದ. ಆ ಕಂಪನಿಯ ಅಧ್ಯಕ್ಷನೂ ಹ್ಯಾಲಮ್ಮನೇ.

"ಮರುಪ್ರಶ್ನೆ ಏನಾದರೂ ಇದೆಯೇ, ಆಗ್ಡನ್ ಅವರೇ?" ಎಂದು ಮೇಯರರು ಕೇಳಿದರು.

ಸಭೆಯೆಲ್ಲ ತಿರುಗಿ ನೋಡಿತು. ಕ್ಲಿಫರ್ಡನ ಬಾಯಿಂದ, ಚಿಲ್ಲರೆ ಕೊಟ್ಟ ಅಂಗಡಿಯವನಿಗೆ ಹೇಳುವಂತೆ, ತಾನಾಗಿ ಮಾತು ಹೊರಟಿತು: "ಇಲ್ಲ, ಥ್ಯಾಂಕ್ಯೂ. ತುಂಬಾ ಥ್ಯಾಂಕ್ಸ್."

ಕುಳಿತ ಮರುಕ್ಷಣವೇ ತಾನು ಮಾಡಿದ್ದೇನೆಂದು ಅವನಿಗೆ ಹೊಳೆಯಿತು. ಆಮೇಲಿನದು ಶಿಕ್ಷೆಯೇ ಸರಿ. ಮಾರುಕಟ್ಟೆಯ ಪಾರಿವಾಳಗಳನ್ನು ಓಡಿಸುವ ಬಗೆಯೇನೆಂದು ಸದಸ್ಯರು ಚರ್ಚಿಸಿದರು. ಉದ್ಯಾನದ ಬೆಂಚಿಗೆ ಯಾವ ಹಸಿರು ಬಣ್ಣ ಒಪ್ಪೀತೆಂದು ಇನ್ನೂ ಹೆಚ್ಚು ಹೊತ್ತು ಚರ್ಚಿಸಿದರು. ಕೊನೆಗೆ ವಸತಿ ಕಂಪನಿಯ ಸರದಿ ಬಂತು. ಮಾರಿಬಿಡಿ ಎಂದಿತು ಒಂದು ಪಕ್ಷ. ಇನ್ನಷ್ಟು ಸಾಲ ಕೊಡಿ ಎಂದಿತು ಇನ್ನೊಂದು. ಇದು ನಿಮ್ಮ ಕಾಲದ ಪಾಪವೆಂದು ಇವರು, ಸಾಕಿ ಕೆಡಿಸಿದವರು ನೀವೆಂದು ಅವರು. ಲಿಫ್ಟ್ ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಕ್ಲಿಫರ್ಡ್ ಕೈಯೆತ್ತಿದ. ಸಾರ್ವಜನಿಕರ ಸಮಯ ಮುಗಿದಿದೆ ಎಂದರು ಮೇಯರರು.

ಮನೆಯಲ್ಲಿ ಬೆರಿಲ್ ಚಹಾ ಬಸಿದಿಟ್ಟು ಕಾದಿದ್ದಳು. "ಮರುಪ್ರಶ್ನೆ ಕೇಳಿದ್ಯಾ?"

"ಥ್ಯಾಂಕ್ಯೂ ಅಂದೆ."

"ಯಾತಕ್ಕೆ?"

"ಗೊತ್ತಿಲ್ಲ. ಬಾಯಿಗೆ ಬಂತು."

ಬೆರಿಲ್ ಗಂಡನನ್ನೇ ದಿಟ್ಟಿಸಿದಳು. "ಕಾಲು ತುಳಿದೋರಿಗೂ ನೀನೇ ಸಾರಿ ಹೇಳೋನು. ಅಲ್ಲಿ ಅಕ್ಕ ಇರ್ತಾಳೋ ಇಲ್ವೋ ಅಂತ ನಾನಿಲ್ಲಿ ಕೂತಿದೀನಿ. ನೀನು ಅಲ್ಲಿಗೆ ಹೋಗಿ ಮರ್ಯಾದೆ ಹಂಚಿ ಬಂದೆ."

ಸುದ್ದಿ ಕೇಳಲು ಮೇಲೆ ಬಂದಿದ್ದ ಇವಾನ್ ನಗಲಿಲ್ಲ. "ನಾನೂ ಮೊದಲನೇ ಸಲ ಹಂಗೇ ಮಾಡಿದ್ದು. ಈ ಊರಲ್ಲಿ ಎಲ್ಲರೂ ಹಂಗೇ ಮಾಡೋದು. ಅವರಿಗೂ ಅದು ಗೊತ್ತು. ನಾವು ಥ್ಯಾಂಕ್ಯೂ ಅಂದ ಕೂಡಲೇ ಅವರ ಕೆಲಸ ಮುಗೀತು. ಮುಂದಿನ ತಿಂಗಳು ಮತ್ತೆ ಹೋಗೋಣ. ಆದ್ರೆ ಒಬ್ಬರೇ ಅದೇ ಪ್ರಶ್ನೆ ಮತ್ತೆ ಕೇಳೋ ಹಾಗಿಲ್ಲ."

"ನನ್ನ ಹೆಸರಲ್ಲಿ ಹೋಗ್ಲಿ," ಎಂದಳು ಬೆರಿಲ್. "ಏನಾಗಬೇಕು ಅಂತ ಮಾತ್ರ ಕೇಳ್ಬೇಡ ಕ್ಲಿಫ್. ಯಾವ ದಿನ ಆಗುತ್ತೆ ಅಂತ ಕೇಳು. ದಿನ ಹೇಳೋವರೆಗೂ ಕೂತ್ಕೋಬೇಡ."

ಮುಂದಿನ ತಿಂಗಳ ಸಭೆಯಲ್ಲಿ ಮೇಯರರು "ಬೆರಿಲ್ ಆಗ್ಡನ್" ಎಂದು ಕರೆದರು. ಎದ್ದು ನಿಂತವನು ಕ್ಲಿಫರ್ಡ್.

"ಬೆರಿಲ್ ಅವರು ಬಂದಿಲ್ಲವೇ?"

"ಬಂದಿಲ್ಲ. ಲಿಫ್ಟ್ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಬರಲಾಗದವರ ಪರವಾಗಿ ಓದಲು ಅವಕಾಶವಿತ್ತು, ಅವನು ಓದಿದ. ಹ್ಯಾಲಮ್ ಈ ಬಾರಿ ಮತ್ತಷ್ಟು ನಯವಾಗಿ, ಕಂಪನಿ ಬೇರೆ, ಪುರಸಭೆ ಬೇರೆ, ಆದಷ್ಟು ಬೇಗ ಕ್ರಮವಾಗಲಿದೆ ಎಂದ.

"ಮರುಪ್ರಶ್ನೆ?"

"ಇದೆ," ಎಂದ ಕ್ಲಿಫರ್ಡ್. "ಕಂಪನಿಯ ಒಡೆಯರು ಈ ಸಭೆಯೇ. ಒಡೆಯರಾಗಿ ಹೇಳಿ, ಲಿಫ್ಟ್ ಯಾವ ದಿನ ಮೇಲೆ ಬರುತ್ತೆ?"

"ಅತಿ ಶೀಘ್ರದಲ್ಲಿ ಆಗುವುದೆಂಬ ಭರವಸೆಯನ್ನು ನಾನು ಕೊಡಬಲ್ಲೆ," ಎಂದು ಹ್ಯಾಲಮ್ ಕುಳಿತುಕೊಂಡ.

ಈಗ ಸಭೆ ಒಂದು ಮಾತಿಗಾಗಿ ಕಾಯಿತು. ಕ್ಲಿಫರ್ಡನ ನಾಲಗೆಯ ತುದಿಯವರೆಗೂ ಆ ಮಾತು ಬಂದಿತ್ತು. ಅವನು ಹಲ್ಲು ಕಚ್ಚಿ ಹಿಡಿದ. ಕೂರಲೂ ಇಲ್ಲ, ವಂದಿಸಲೂ ಇಲ್ಲ. ಬೈಗುಳಕ್ಕೆ ಮರುಮಾತು ಕೊಡಬಲ್ಲ ಆ ಜನಕ್ಕೆ ಈ ಮೌನವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮೇಯರರು ಸರವನ್ನು ಸರಿಮಾಡಿಕೊಂಡರು.

"ಆಗಬಹುದಲ್ಲವೇ, ಆಗ್ಡನ್ ಅವರೇ?"

"ಶೀಘ್ರ ಅನ್ನೋ ದಿನ ನನ್ನ ಕ್ಯಾಲೆಂಡರಲ್ಲಿ ಇಲ್ಲ."

ಅತ್ತಿತ್ತ ಪಿಸುಮಾತು ಎದ್ದಿತು. ಹ್ಯಾಲಮ್ ಪಕ್ಕದ ಅಧಿಕಾರಿಯತ್ತ ಬಾಗಿ ಏನನ್ನೋ ಕೇಳಿದ, ಮತ್ತೆ ಎದ್ದ. ಮೇ ತಿಂಗಳ ಎರಡನೆಯ ಶುಕ್ರವಾರ ಎಂದ. ಅದು ನಡವಳಿಯಲ್ಲಿ ದಾಖಲಾಗಲಿ ಎಂದು ವಿರೋಧ ಪಕ್ಷದವರು ಕೂಗಿದರು, ದಾಖಲಾಯಿತು. ಆಗ ಕ್ಲಿಫರ್ಡ್ ಕುಳಿತ.

ಕೆಲಸಗಾರರು ಆ ಶುಕ್ರವಾರವೇ ಬಂದರು. ಲಿಫ್ಟ್ ನಡೆದದ್ದು ಸೋಮವಾರ. ಮೂರು ದಿನ ತಡವಾದದ್ದನ್ನೂ ಬೆರಿಲ್ ಪುರಸಭೆಗೆ ಬರೆದು ತಿಳಿಸದೆ ಬಿಡಲಿಲ್ಲ. ಅಂದು ಆಕೆ ರಸ್ತೆ ದಾಟಿ ಹೋಗಿ ಕತ್ತಲಾಗುವವರೆಗೂ ಅಕ್ಕನ ಹಾಸಿಗೆಯ ಪಕ್ಕದಲ್ಲಿದ್ದಳು. ಮೇವಿಸ್ ಆ ಬೇಸಿಗೆಯನ್ನು ದಾಟಲಿಲ್ಲ. ಆದರೆ ಆ ಕೆಲವು ವಾರಗಳು ಅಕ್ಕತಂಗಿಯರಿಬ್ಬರಿಗೂ ಪೂರಾ ದಕ್ಕಿದವು.

ಈಗ ಪಕ್ಕದ ಕಟ್ಟಡದಲ್ಲಿ ಬಿಸಿನೀರು ಬರುತ್ತಿಲ್ಲ. ಪ್ರಶ್ನೆ ಬರೆದುಕೊಡಿರೆಂದು ಮನೆಮನೆಯ ಬಾಗಿಲು ತಟ್ಟುತ್ತಿರುವವನು ಕ್ಲಿಫರ್ಡ್. "ಅದರಿಂದ ಏನಾಗುತ್ತೆ ಬಿಡಿ," ಎಂದವರಿಗೆ ಅವನು, "ಗೋಡೆ ಹತ್ರ ಮಾತಾಡಿ ನೋಡಿ, ಆಮೇಲೆ ನನ್ನ ಹತ್ರ ಬನ್ನಿ," ಎನ್ನುತ್ತಾನೆ.

ಓದುಗರೇ, ನಿಮ್ಮ ಮನೆಯನ್ನೋ ನೀರನ್ನೋ ದೀಪವನ್ನೋ ನೋಡಿಕೊಳ್ಳುವ ಸಂಸ್ಥೆಯ ಹೆಸರು ಏನೇ ಇರಲಿ, ಅದರ ಒಡೆಯರು ಯಾರೆಂದು ಮೊದಲು ಕೇಳಿ ತಿಳಿಯಿರಿ. ಒಡೆಯರು ನೀವೇ ಆರಿಸಿದ ಸಭೆಯಾಗಿದ್ದರೆ ಸಭೆಯ ದಿನವನ್ನು ಗೊತ್ತುಮಾಡಿಕೊಂಡು, ಮುಂಚಿತವಾಗಿ ಪ್ರಶ್ನೆ ಬರೆದುಕೊಟ್ಟು, ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಬರುವ ಉತ್ತರದಲ್ಲಿ ದಿನಾಂಕವಿದ್ದರೆ ಧಾರಾಳವಾಗಿ ವಂದಿಸಿರಿ. ಇಲ್ಲದಿದ್ದರೆ ನಿಂತೇ ಇರಿ.