ಮಗುಚದೆ ಬಿಟ್ಟ ಹಾಳೆಗಳು

ಸುಗ್ಗಿ ಮುಗಿದು, ಗಾಳಿಯಲ್ಲಿ ಹೊಟ್ಟಿನ ದೂಳು ತುಂಬಿದ ದಿನಗಳು. ದಾಖಲೆ ಕಚೇರಿಯ ಕಿಟಕಿ ಪಕ್ಕ ಕೂತು ಬೇರು ಮಾಸ್ತರರು ಬೆಳಗಿನಿಂದ ಜನನ ಮರಣದ ಹಳೆಯ ಪುಸ್ತಕ ಮಗುಚುತ್ತಿದ್ದರು. ಯಾರ ಮುತ್ತಜ್ಜ ಯಾರು, ಯಾರ ಅಜ್ಜಿ ಎಲ್ಲಿಂದ ಬಂದವಳು ಎಂದು ಹುಡುಕಿಕೊಡುವುದೇ ಕಸುಬಾದ್ದರಿಂದ ಜನ ಇಟ್ಟ ಹೆಸರು ಅದು. ವಾರದ ಮೊದಲ ಮೂರು ದಿನ ಈ ಕಿಟಕಿ. ಗುರುವಾರ ಸ್ಮಶಾನದ ಕಲ್ಲುಗಳ ಪಾಚಿ ಕೆರೆಯುವುದು. ಶುಕ್ರವಾರ ಮುದುಕರ ಬಾಯಿಂದ ಕೇಳಿ ಬರೆದುಕೊಳ್ಳುವುದು. ಭಾನುವಾರ ಸಿಕ್ಕಿದ್ದನ್ನು ಕೇಳಿದವರ ಮನೆಗೆ ಮುಟ್ಟಿಸುವುದು.

"ಏನ್ ಮಾಸ್ತ್ರೇ, ಸತ್ತೋರೆಲ್ಲ ನಿಮ್ಮ ನೆಂಟರೇ. ಬದುಕಿರೋರು ಯಾರಾದ್ರೂ ಕಾಫಿಗೆ ಕರೀತಾರಾ?" ಎಂದು ಗುಮಾಸ್ತ ಕೆಣಕಿದ.

"ಸತ್ತೋರು ಸಕ್ಕರೆ ಜಾಸ್ತಿ ಹಾಕಲ್ಲ ಕಣಯ್ಯ" ಎನ್ನುತ್ತ ಹಾಳೆ ತಿರುವಿದವರ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

ಹೋದ ವರ್ಷ ಇದೇ ದಿನಗಳಲ್ಲಿ ಹೊಲಿಗೆಯಮ್ಮ ತನ್ನ ತಮ್ಮನನ್ನು ಹುಡುಕಿಕೊಡಲು ಕೇಳಿದ್ದಳು. ಅವಳಿಗೆ ನಾಲ್ಕೋ ಐದೋ ವರ್ಷವಿದ್ದಾಗ ತಾಯಿ ತೀರಿಕೊಂಡು, ಕೈಕೂಸನ್ನು ಅಪ್ಪ ಯಾರಿಗೋ ಸಾಕಲು ಕೊಟ್ಟಿದ್ದ. ಮಾಸ್ತರರಿಗೆ ಆ ಹೆಸರಿನ ಜನನ ಸಿಕ್ಕಿತು; ಎಂಟು ತಿಂಗಳಿಗೇ ಮರಣವೂ ಸಿಕ್ಕಿತು. "ನಿಮ್ಮ ತಮ್ಮ ಉಳೀಲಿಲ್ಲಮ್ಮ" ಎಂದು ಹೇಳಿ ಬಂದಿದ್ದರು.

ಈಗ ಬೆರಳ ಕೆಳಗೆ ಅದೇ ಅಪ್ಪ, ಅದೇ ತಾಯಿ, ಅದೇ ಹೆಸರು. ಎರಡು ವರ್ಷದ ನಂತರ ಹುಟ್ಟಿದ ಇನ್ನೊಂದು ಗಂಡು. ಸತ್ತ ಕೂಸಿನ ಹೆಸರನ್ನೇ ಬೆನ್ನಿಗೆ ಹುಟ್ಟಿದ್ದಕ್ಕೆ ಇಡುವುದು ಆಗೆಲ್ಲ ಇದ್ದದ್ದೇ. ಸಾವು ಸಿಕ್ಕರೂ ಮುಂದಿನ ಹತ್ತು ವರ್ಷದ ಹಾಳೆ ನೋಡಿ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವರು ಅವರೇ. ಅವತ್ತು ಕಚೇರಿ ಮುಚ್ಚುವ ಹೊತ್ತಾಗಿತ್ತು, ಅಷ್ಟೆ.

ಅಂಚಿನಲ್ಲಿ ಸಾಕಿದವರ ಊರೂ ಬರೆದಿತ್ತು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಶುಕ್ರವಾರ ಹೋಗಿ ವಿಚಾರಿಸಿದರೆ ಆ ತಮ್ಮನ ಬೀಗ ರಿಪೇರಿಯ ಅಂಗಡಿ ಮುಚ್ಚಿತ್ತು. "ಹೋದ್ ವರ್ಷ ಮಳೆ ಶುರುವಾಗೋ ಹೊತ್ಗೆ ತೀರ್ಕೊಂಡ್ಬಿಟ್ರು. ಒಂಟಿ ಜೀವ" ಎಂದಳು ಪಕ್ಕದ ಅಂಗಡಿಯವಳು.

ಭಾನುವಾರ ಹೊಲಿಗೆಯಮ್ಮ ಮಿಷನ್ ತುಳಿಯುತ್ತಿದ್ದಳು. "ಬಾರಪ್ಪ. ನೀನು ಹೇಳಿದ್ಮೇಲೆ ದಾರಿ ಕಾಯೋದು ಬಿಟ್ಟೆ ನೋಡು. ಚೆನ್ನಾಗಿ ನಿದ್ದೆ ಬರುತ್ತೆ."

ಆದರೂ ಮಾಸ್ತರರು ಹೇಳಿದರು, ಮೊದಲಿಂದ ಕೊನೆವರೆಗೆ. ಚಕ್ರ ನಿಂತಿತು.

"ಯಾವ ಬೀದಿ?"

"ಪೇಟೆ ಹಿಂದಿನದು. ಎಣ್ಣೆ ಗಿರಣಿ ಪಕ್ಕ."

"ದಾರ, ಗುಂಡಿ ತರಕ್ಕೆ ಅಲ್ಲಿಗೇ ಹೋಗ್ತಿದ್ದೆ ನಾನು." ಮತ್ತೆ ಕೇಳಿದಳು, "ನಾನು ನಿನ್ನ ಹತ್ರ ಬಂದಾಗ ಇದ್ನಾ ಅವನು?"

"ಇದ್ರು. ಇನ್ನೂ ನಾಲ್ಕು ತಿಂಗಳು ಇದ್ರು. ತಪ್ಪು ನಂದಮ್ಮ."

"ನಿಂದೇ."

ಸೂಜಿಗೆ ದಾರ ಪೋಣಿಸಲು ನೋಡಿದಳು, ದಾರ ತೂರಲಿಲ್ಲ. ಮಾಸ್ತರರು ಕೈ ಚಾಚಿದರೆ ಸರಿಸಿದಳು.

"ಆ ನಾಲ್ಕು ತಿಂಗಳು ನಂಗೆ ವಾಪಸ್ ಬೇಕು. ಕೊಡಕ್ಕಾಗುತ್ತಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ಮತ್ತೆ ಯಾಕೆ ಕೂತಿದೀಯ? ಹೋಗು. ಹೋಗ್ತಾ ಬಾಗಿಲು ಎಳ್ಕೊ."