ಯಮನೂರನ ಐದು ವರ್ಷ

ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಮುನಿಯಣ್ಣನಿಗೆ ಅಲ್ಲಿನ ಕ್ರಿಕೆಟ್ ತಂಡದ ಉಸ್ತುವಾರಿಯೂ ಇತ್ತು. 2012ರಲ್ಲಿ ಆ ತಂಡ ಕಾರ್ಖಾನೆಗಳ ಲೀಗಿನಲ್ಲಿ ಕಪ್ ಗೆದ್ದದ್ದು ಒಬ್ಬನ ತೋಳಿನಿಂದ. ಕುಷ್ಟಗಿ ಕಡೆಯಿಂದ ಬಂದು ಲೋಡಿಂಗ್ ಕೆಲಸಕ್ಕಿದ್ದ ಯಮನೂರ ಓಡಿ ಬಂದು ಬೌಲ್ ಮಾಡಿದರೆ, ಎದುರಿಗಿದ್ದವನು ಬ್ಯಾಟ್ ಎತ್ತುವಷ್ಟರಲ್ಲಿ ಸ್ಟಂಪ್ ಹಾರಿರುತ್ತಿತ್ತು.

ಫೈನಲ್ ಮುಗಿದ ವಾರವೇ ಮಾಲೀಕ ವೆಂಕಟರಮಣಪ್ಪನವರು ಮುನಿಯಣ್ಣನನ್ನು ಕರೆಸಿದರು.

"ಪಕ್ಕದ ಫ್ಯಾಕ್ಟರಿಯೋರು ಅವನ್ ಮೇಲೆ ಕಣ್ಣಾಕವ್ರೆ. ಐದು ವರ್ಷಕ್ಕೆ ಅಗ್ರಿಮೆಂಟ್ ಮಾಡ್ಬಿಡಣ, ಅಲ್ಲೀಗಂಟ ಸಂಬ್ಳ ಗ್ಯಾರಂಟಿ. ನಮ್ಗೇ ಆಡ್ಬೇಕು, ಬೇರೆಲ್ಲೂ ಕೆಲ್ಸ ಮಾಡಂಗಿಲ್ಲ. ಭುಜ ಎಂಗೈತೆ, ವಿಚಾರ್ಸಿ ಹೇಳು."

ಆ ವರ್ಷ ಯಮನೂರನ ಬಲಭುಜದ ಕೀಲು ಎರಡು ಸಲ ತಪ್ಪಿತ್ತು. ಮುನಿಯಣ್ಣ ಅವನನ್ನು ಮೂಳೆ ಡಾಕ್ಟರ ಬಳಿ ಕರೆದೊಯ್ದ. "ಮೂರು ವರ್ಷ ಬಂದ್ರೂ ಬರಬಹುದು, ಮೂರೇ ಮ್ಯಾಚಿಗೆ ಹೋದ್ರೂ ಹೋಗಬಹುದು" ಎಂದರು ಡಾಕ್ಟರು.

ಆಚೆ ಬಂದ ಕೂಡಲೇ ಯಮನೂರ ಮುನಿಯಣ್ಣನ ಕೈ ಹಿಡಿದುಕೊಂಡ. "ಮಾಲಕರ ಮುಂದ ಇದನ್ನ ಹೇಳಬ್ಯಾಡ್ರಿ ಸರ. ಭುಜ ಗಟ್ಟಿ ಇದ್ರ ನನಗ ಅಗ್ರಿಮೆಂಟ್ ಯಾಕ ಬೇಕಿತ್ರಿ?"

ಮರುದಿನ ಊಟದ ಹೊತ್ತಿಗೆ ಅವನ ಹೆಂಡತಿ ಸುಮಂಗಲಾ ದಾಸರಹಳ್ಳಿಯ ಬಾಡಿಗೆ ಕೋಣೆಯಿಂದ ಕಾರ್ಖಾನೆಯ ಗೇಟಿಗೇ ಬಂದಳು.

"ಅಣ್ಣಾರ, ಐದು ವರ್ಷ ಅಂತ ಸಹಿ ಹಾಕಿದ್ರ ಈ ಮನಷ್ಯಾ ಕೈ ಬೀಳೋಮಟ ಚೆಂಡು ಒಗೀತಾನ್ರಿ. ಉಣ್ಣಾಕರ ಕೈ ಉಳೀಲಿ. ಆಗಂಗಿಲ್ಲ ಅಂದುಬಿಡ್ರಿ."

ಇಬ್ಬರು ಹೇಳಿದ್ದೂ ಸರಿ ಎನ್ನಿಸಿ ಮುನಿಯಣ್ಣನಿಗೆ ದಿಕ್ಕೇ ತೋಚಲಿಲ್ಲ. ಕೊನೆಗೆ, ತೀರ್ಮಾನ ತನ್ನ ತಲೆಯ ಮೇಲೆ ಬರುವುದು ಬೇಡ ಎಂದುಕೊಂಡು, ಡಾಕ್ಟರ ಮಾತನ್ನು ಮಾಲೀಕರಿಗೆ ಇದ್ದಂತೆಯೇ ಒಪ್ಪಿಸಿದ. ಅವರು "ಮೂರು ಮ್ಯಾಚಾದ್ರೂ ನಮ್ಗೇ ಆಡ್ಲಿ. ಅವರ್ಗೆ ಸಿಗ್ಬಾರ್ದು, ಅಷ್ಟೆ" ಎಂದು ಕಾಗದ ತಯಾರಿಸಲು ಹೇಳಿಬಿಟ್ಟರು. ನಿಜ ಹೇಳಿದರೆ ಅವರೇ ಅಗ್ರಿಮೆಂಟಿನ ಯೋಚನೆ ಕೈಬಿಟ್ಟಾರು ಅಂದುಕೊಂಡಿದ್ದ ಮುನಿಯಣ್ಣ ಕಾಗದ ಬರೆಸಲು ಹೊರಗೆ ಬಂದ.

ಮುಂದಿನ ವರ್ಷದ ಲೀಗಿನ ಎರಡನೇ ಪಂದ್ಯದಲ್ಲಿ ಭುಜ ಹೋಯಿತು. ಕಾರ್ಖಾನೆಯೇ ಆಪರೇಷನ್ ಮಾಡಿಸಿತು, ಆದರೂ ಕೈ ಮತ್ತೆ ತಲೆಯ ಮೇಲಕ್ಕೆ ಏಳಲಿಲ್ಲ. ಅಗ್ರಿಮೆಂಟ್ ಇದ್ದುದರಿಂದ ಸಂಬಳ ನಿಲ್ಲಲಿಲ್ಲ. ಪಂದ್ಯದ ದಿನ ತಂಡದ ಜೊತೆ ಇರಬೇಕೆಂದೂ ಅದರಲ್ಲೇ ಇತ್ತು. ಹಾಗಾಗಿ ವಾರದಲ್ಲಿ ಆರು ದಿನ ಸ್ಟೋರ್ಸಿನ ಮೂಲೆಯಲ್ಲಿ, ಭಾನುವಾರ ಬೌಂಡರಿಯಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಮನೂರ ಸುಮ್ಮನೆ ಕೂರತೊಡಗಿದ.

ಆರು ತಿಂಗಳು ಹೀಗೆ ಕಳೆದ ಮೇಲೆ ಅವನೇ ಬಾಯಿಬಿಟ್ಟ. "ಮಾದನಾಯಕನಹಳ್ಳಿ ಸಾಲ್ಯಾಗ ಬೌಲಿಂಗ್ ಕಲಸಾಕ ಕರ್ದಾರ್ರಿ. ಅಗ್ರಿಮೆಂಟ್ ಹರದು ಹಾಕಸ್ರಿ ಸರ. ಕುಂತು ಪಗಾರ ತಗೊಳ್ಳಾಕ ನಾಚಿಕಿ ಬರತೈತಿ."

ಅಂದೇ ಸಂಜೆ ಸುಮಂಗಲಾ ಫೋನ್ ಮಾಡಿದಳು. "ಅಗ್ರಿಮೆಂಟ್ ಹರದು ಹಾಕಸಬ್ಯಾಡ್ರಿ ಅಣ್ಣಾರ. ಆ ಕಾಗದ ಇದ್ದದ್ದಕ್ಕ ಆಪರೇಷನ್ ಆತು."

ಬೇಡ ಅಂದವಳು ಬೇಕು ಅನ್ನುತ್ತಾಳೆ, ಬೇಕು ಅಂದವನು ಬೇಡ ಅನ್ನುತ್ತಾನೆ. ಮುನಿಯಣ್ಣ ಮಾಲೀಕರ ಬಳಿ ಹೋದರೆ ಅವರೂ ತಲೆ ಕೆರೆದುಕೊಂಡರು. "ಹರ್ದಾಕಿದ್ರೆ ಕೈ ಹೋದೋನ್ನ ಆಚೆಗಾಕ್ದ ಅಂತಾರೆ. ಇಟ್ಕಂಡ್ರೆ ಅವ್ನೇ ಕೊರಗ್ತಾನೆ. ನಂಗೂ ಗೊತ್ತಾಗ್ತಿಲ್ಲ ಕಣಯ್ಯ, ನೀನೇ ಏನಾರ ಮಾಡು."

ಈ ಸಲ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಮೂರು ಗಂಟೆಯ ಮೇಲೆ ಶಾಲೆಗೆ ಹೋಗಬಹುದು, ಪಂದ್ಯಗಳಿಗೆ ಬರಬೇಕಿಲ್ಲ, ಸಂಬಳವೂ ಉಳಿದದ್ದೂ ಮೊದಲಿನಂತೆ ಎಂದು ಮುನಿಯಣ್ಣ ಒಂದು ಹಾಳೆ ಬರೆಸಿ ಮಾಲೀಕರಿಂದಲೂ ಯಮನೂರನಿಂದಲೂ ಸಹಿ ಹಾಕಿಸಿದ.

ಒಂದು ವಾರ ಬಿಟ್ಟು ಸ್ಕೂಟರಿನಲ್ಲಿ ಶಾಲೆಯ ಮೈದಾನಕ್ಕೆ ಹೋದ. ಕಲಿಸುವುದು ಮುಗಿಸಿ ಯಮನೂರ ಬಂದು ಪಕ್ಕದಲ್ಲಿ ನಿಂತ.

"ಈಗ ಸಮಾಧಾನನಾ?"

"ತಿಳೀವಲ್ದು ಸರ. ಇಲ್ಲಿ ಎಲ್ಲಾರೂ ಸರ್ ಅಂತಾರ. ಅಲ್ಲಿ ಫ್ಯಾಕ್ಟರ್ಯಾಗ ನಾ ಯಾಕ ಅದೀನಿ ಅಂತ ಕೇಳೋರಿಲ್ಲ. ನೀವು ಮಾಡಿದ್ದು ಚಲೋ ಆತೋ ಕೆಟ್ಟ ಆತೋ, ನೀವ ಹೇಳ್ರಿ."

ಮುನಿಯಣ್ಣ ಸ್ಕೂಟರಿನ ಸ್ಟ್ಯಾಂಡ್ ತೆಗೆದ. "ಟೀ ಕುಡಿಯಣ ಬಾರಪ್ಪ" ಎಂದ.